ಹತ್ತು ಜನರ ಬರ್ತ್‌ಡೇ ಊಟಕ್ಕೆ ಯಾವುದು ವಾಸಿ: ಕುಝಿಮಂದಿ, ದಮ್ ಬಿರಿಯಾನಿ, ನೀರುದೋಸೆ, ಕೋರಿರೊಟ್ಟಿ

ಕಾಸರಗೋಡಿನ ಕಡೆ ಗೆಳೆಯರ ಬರ್ತ್‌ಡೇ ಊಟ ಎಂದರೆ ಹೆಚ್ಚಾಗಿ ರಾತ್ರಿಯದ್ದು. ಎಂಟರಿಂದ ಹನ್ನೆರಡು ಜನ, ಕೋಳಿ ಇರಲೇಬೇಕು. ಅದಕ್ಕೆ ಈಗ ಚಾಲ್ತಿಯಲ್ಲಿರುವ ದಾರಿ ನಾಲ್ಕು. ಪೇಟೆಯ ಹೋಟೆಲಿನಲ್ಲಿ ಕುಝಿಮಂದಿ (ಕುಳಿಯಲ್ಲಿ ಬೇಯಿಸಿದ ಕೋಳಿ–ಅನ್ನ; ಬರೀ ಮಂದಿ ಎಂದೂ ಹೇಳುತ್ತಾರೆ), ಮನೆಯಲ್ಲಿ ಅಡುಗೆ ಮಾಡಿ ಕೊಡುವವರಿಂದ ತರಿಸಿದ ದಮ್ ಬಿರಿಯಾನಿ, ನಮ್ಮದೇ ಅಡುಗೆಮನೆಯ ನೀರುದೋಸೆ–ಕೋಳಿ ಸಾರು, ಇಲ್ಲದಿದ್ದರೆ ಕೋರಿರೊಟ್ಟಿ, ಅಂದರೆ ಅಕ್ಕಿಯ ಗರಿಗರಿ ರೊಟ್ಟಿಗೆ ಕೋಳಿ ಸಾರು. ನಾಲ್ಕನ್ನೂ ಹತ್ತು ಜನರ ಲೆಕ್ಕಕ್ಕೆ ಹಿಡಿದು ಇಲ್ಲಿ ಹೋಲಿಸಿದ್ದೇನೆ.

ರುಚಿಯಲ್ಲಿ ಯಾವುದೂ ಯಾವುದಕ್ಕೂ ಸೋಲುವುದಿಲ್ಲ. ರುಚಿಯ ಮೇಲೆ ತೀರ್ಮಾನ ಮಾಡಹೊರಟರೆ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಚರ್ಚೆ ನಡೆದು ಕೊನೆಗೆ ಯಾರೋ ಒಬ್ಬರು ಸಿಟ್ಟಿನಲ್ಲಿ ಎಲ್ಲಿಗೋ ಬುಕ್ ಮಾಡುತ್ತಾರೆ. ನೋಡಬೇಕಾದ್ದು ಎರಡು ವಿಷಯ. ತಡವಾಗಿ ಬಂದವನಿಗೆ ಎಂಥ ಊಟ ಸಿಗುತ್ತದೆ? ಎಲ್ಲರೂ ಮಾತಾಡುವಾಗ ಒಲೆಯ ಬುಡದಲ್ಲಿ ಸಿಕ್ಕಿಬೀಳುವವರು ಯಾರು? ಇಂಥ ಊಟಕ್ಕೆ ಜನ ಸೇರುವುದೇ ಸುದ್ದಿ ಹೇಳಿಕೊಳ್ಳಲು. ದುಬೈಯಿಂದ ಲೀವಿನಲ್ಲಿ ಬಂದವನು, ಮದುವೆ ಗೊತ್ತಾದವಳು, ಪಿಎಸ್‌ಸಿ ರ್‍ಯಾಂಕ್ ಲಿಸ್ಟಿನಲ್ಲಿ ಹೆಸರು ಬಂದವಳು, ಮಂಗಳೂರಿನಲ್ಲಿ ಕೆಲಸ ಬಿಟ್ಟು ಊರಿಗೆ ಬಂದು ಅಡಿಕೆ ತೋಟ ನೋಡಿಕೊಳ್ಳುವವನು, ಎಲ್ಲರೂ ಒಂದು ಕಡೆ ಎರಡು ಗಂಟೆಯಾದರೂ ಕೂರಬೇಕು.

ಕುಝಿಮಂದಿ: ಹೋಟೆಲಿನಲ್ಲಿ ತಿಂದರೆ ಮಾತ್ರ

ಯೆಮನಿನಿಂದ ಗಲ್ಫ್ ದಾರಿಯಾಗಿ ಬಂದ ಅಡುಗೆ ಇದು. ನೆಲದ ಕುಳಿಯ ತಳದಲ್ಲಿ ಕೆಂಡ, ಅದರ ಮೇಲೆ ಅಕ್ಕಿಯ ಪಾತ್ರೆ, ಪಾತ್ರೆಯ ಮೇಲೆ ಜಾಲರಿ, ಜಾಲರಿಯಲ್ಲಿ ಕೋಳಿ. ಬಾಯಿ ಮುಚ್ಚಿ ಬೇಯಿಸುವಾಗ ಕೋಳಿಯ ನೆಣ ಮತ್ತು ರಸ ತೊಟ್ಟಿಕ್ಕಿ ಅನ್ನಕ್ಕೆ ಇಳಿಯುತ್ತದೆ. ಮಸಾಲೆ ಕಡಿಮೆ, ಖಾರ ಇಲ್ಲವೆನ್ನುವಷ್ಟು. ಮಂದಿಯ ಗುಣವೂ ದೋಷವೂ ಈ ನೆಣದಲ್ಲೇ ಇದೆ. ಬಿಸಿ ಇರುವಾಗ ಅನ್ನದ ಕಾಳು ಕಾಳೂ ಹೊಳೆಯುತ್ತದೆ, ತಣಿದ ಮೇಲೆ ಅದೇ ನೆಣ ನಾಲಿಗೆಗೆ ಮೇಣದ ಹಾಗೆ ಅಂಟುತ್ತದೆ. ಉದ್ದ ಕಾಳಿನ ಅಕ್ಕಿಯಾದ್ದರಿಂದ ಅರ್ಧ ಗಂಟೆ ತೆರೆದಿಟ್ಟರೆ ಮೇಲಿನ ಅನ್ನ ಗಡುಸಾಗುತ್ತದೆ.

ಹತ್ತು ಜನರಿಗೆ ಎರಡು ಫುಲ್, ಒಂದು ಹಾಫ್ ಸರಿಹೋಗುತ್ತದೆ. ಒಂದು ಫುಲ್ ಎಂದರೆ ಇಡೀ ಒಂದು ಕೋಳಿ, ನಾಲ್ಕು ಜನರ ಪಾಲು. ಹತ್ತು ಕ್ವಾರ್ಟರ್ ಹೇಳಿದರೂ ಕೋಳಿ ಅಷ್ಟೇ ಬರುತ್ತದೆ, ಬಿಲ್ ಮಾತ್ರ ಹೆಚ್ಚು. ದೊಡ್ಡ ತಟ್ಟೆಯಲ್ಲಿ ಎಲ್ಲರೂ ಒಟ್ಟಿಗೆ ಕೈ ಹಾಕಿ ತಿನ್ನುವುದು ಕೆಲವರಿಗೆ ಖುಷಿ, ಕೆಲವರಿಗೆ ಮುಜುಗರ. ಬೇರೆ ಪ್ಲೇಟು ಬೇಕಾದರೆ ಕೂತ ಕೂಡಲೇ ಹೇಳಿ. ಟೇಬಲ್ ಬುಕ್ ಮಾಡುವಾಗ ಕೇಳಬೇಕಾದ ಪ್ರಶ್ನೆ ಒಂದೇ: ರಾತ್ರಿಯ ಕುಳಿ ಎಷ್ಟು ಗಂಟೆಗೆ ತೆರೆಯುತ್ತೀರಿ? ತೆರೆದ ಮುಕ್ಕಾಲು ಗಂಟೆಯೊಳಗೆ ಕೂತರೆ ಮಂದಿಯಷ್ಟು ಒಳ್ಳೆಯ ಊಟ ಇಲ್ಲ. ರಾತ್ರಿ ಹತ್ತಕ್ಕೆ ಹೋದರೆ ಸಿಗುವುದು ಪಾತ್ರೆಯ ತಳದ್ದು.

ಪಾರ್ಸೆಲ್ ತರಿಸಬೇಡಿ ಎಂದೇ ನನ್ನ ಸಲಹೆ. ಫಾಯಿಲ್ ಡಬ್ಬಿಯೊಳಗೆ ಆವಿ ನಿಂತು ಕೋಳಿಯ ಚರ್ಮ ಮೆತ್ತಗಾಗುತ್ತದೆ, ಅನ್ನ ಅಡಿಯಲ್ಲಿ ಒದ್ದೆ, ಮೇಲೆ ಒಣಕಲು. ತಂದಾಗಿದ್ದರೆ ದಪ್ಪ ತಳದ ಪಾತ್ರೆಗೆ ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಐದಾರು ನಿಮಿಷ ಇಡಿ. ಕೋಳಿಯನ್ನು ಬೇರೆಯಾಗಿ ಕಾವಲಿಯ ಮೇಲೆ ಬಿಸಿ ಮಾಡಿ.

ಜೊತೆಗೆ ಬರುವ ಮಯೋನೀಸ್ ಬಗ್ಗೆಯೂ ಎರಡು ಮಾತು. 2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಆಮೇಲೆ 2023ರ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೀಸ್ ನಿಷೇಧಿಸಿತು, ಪಾರ್ಸೆಲ್ ಮೇಲೆ ತಯಾರಿಸಿದ ಹೊತ್ತು ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬ ಚೀಟಿಯನ್ನು ಕಡ್ಡಾಯ ಮಾಡಿತು. ಚೀಟಿ ಇಲ್ಲದಿದ್ದರೆ ಕೇಳಿ. ಟೇಬಲಿನ ಮೇಲೆ ಉಳಿದ ಮಯೋನೀಸನ್ನು ಕಟ್ಟಿಸಿಕೊಂಡು ಮನೆಗೆ ತರುವ ಅಭ್ಯಾಸ ಬೇಡ.

ಇನ್ನು ಮಾತುಕತೆ. ಆದಿತ್ಯವಾರ ರಾತ್ರಿ ಕೂತರೆ ಕುರ್ಚಿಯ ಹಿಂದೆಯೇ ಇನ್ನೊಂದು ಕುಟುಂಬ ಕಾಯುತ್ತಾ ನಿಂತಿರುತ್ತದೆ. ಕೈ ತೊಳೆದು ಬರುವಷ್ಟರಲ್ಲಿ ಟೇಬಲ್ ಒರೆಸಿ ಆಗಿರುತ್ತದೆ. ನೆಲದಲ್ಲಿ ಕೂರುವ ಕ್ಯಾಬಿನ್ ಇರುವ ಹೋಟೆಲಿಗೆ, ವಾರದ ನಡುವೆ ಹೋದರೆ ಆರಾಮ. ಖರ್ಚು ಏರುವುದು ಮಂದಿಯಿಂದಲ್ಲ, ಮಧ್ಯೆ ಮಧ್ಯೆ ಹೇಳುವ ಲೈಮ್, ಅವಲಕ್ಕಿ ಹಾಕಿದ ಅವಿಲ್ ಮಿಲ್ಕ್‌ಗಳಿಂದ.

ದಮ್ ಬಿರಿಯಾನಿ: ದಾರಿ ಸಾಗಿ ಬರಲು ಇದಕ್ಕಿಂತ ಒಳ್ಳೆಯದಿಲ್ಲ

ಇಲ್ಲಿಯದ್ದು ತಲಶ್ಶೇರಿ ರೀತಿ. ಬಾಸ್ಮತಿ ಅಲ್ಲ, ಸಣ್ಣ ಕಾಳಿನ ಕೈಮ ಅಕ್ಕಿ. ಜೀರಕಸಾಲ ಎಂದೂ ಕೇಳಿ ತರಬಹುದು. ಮಸಾಲೆ ಬೇರೆ, ತುಪ್ಪದನ್ನ ಬೇರೆ ಮಾಡಿ, ಪದರ ಪದರವಾಗಿ ಹಾಕಿ, ಮುಚ್ಚಳದ ಅಂಚಿಗೆ ಮೈದಾ ಹಿಟ್ಟು ಮೆತ್ತಿ ದಮ್ ಕೊಡುತ್ತಾರೆ. ಈ ಅಕ್ಕಿ ತೇವ ಹಿಡಿದಿಟ್ಟುಕೊಳ್ಳುವುದರಿಂದ ಗಂಟೆ ಎರಡಾದರೂ ಒಣಗುವುದಿಲ್ಲ. ಮಂದಿಗೆ ಹೋಲಿಸಿದರೆ ದೊಡ್ಡ ವ್ಯತ್ಯಾಸ ಇದೇ.

ಆರ್ಡರ್ ಕೊಡುವಾಗ ಜನರ ಲೆಕ್ಕ ಹೇಳಬೇಡಿ, ಅಕ್ಕಿಯ ಲೆಕ್ಕ ಹೇಳಿ. ಒಂದು ಕಿಲೋ ಕೈಮಕ್ಕೆ ಏಳೆಂಟು ಜನ. ಹತ್ತು ಜನರಿಗೆ ಒಂದೂಕಾಲು ಕಿಲೋ ಸಾಕಾಗುತ್ತದೆ, ಎರಡನೇ ಸಲ ಬಡಿಸಿಕೊಳ್ಳುವವರು ಇದ್ದರೆ ಒಂದೂವರೆ. ಕೋಳಿ ಅಕ್ಕಿಯ ತೂಕಕ್ಕಿಂತ ಕಾಲು ಪಾಲು ಹೆಚ್ಚಿರಲಿ. ಎರಡು ದಿನ ಮೊದಲೇ ಹೇಳಬೇಕು, ಹಿಂದಿನ ರಾತ್ರಿ ನೆನಪಿಸಬೇಕು. ಪ್ಲಾಸ್ಟಿಕ್ ಬಕೆಟಿನಲ್ಲಿ ಬೇಡ, ದಮ್ ಕೊಟ್ಟ ಪಾತ್ರೆಯಲ್ಲೇ ಕೊಡಿ, ಮರುದಿನ ಬೆಳಿಗ್ಗೆ ತೊಳೆದು ತಂದು ಕೊಡುತ್ತೇವೆ ಎನ್ನಿ. ಹೆಚ್ಚಿನವರು ಒಪ್ಪುತ್ತಾರೆ. ಆರೂವರೆಗೆ ತಂದು, ಎರಡು ದಪ್ಪ ಟವೆಲಿನಲ್ಲಿ ಸುತ್ತಿ ಮೂಲೆಯಲ್ಲಿಟ್ಟರೆ ಎಂಟಕ್ಕೆ ತೆರೆಯುವಾಗ ಹೊಗೆಯಾಡುತ್ತದೆ.

ಎಡವಟ್ಟಾಗುವುದು ಮನೆಗೆ ಬಂದ ಮೇಲೆ. ಒಬ್ಬ ಬಂದು ಹೇಗಿದೆ ನೋಡುವ ಎಂದು ಮುಚ್ಚಳ ತೆರೆಯುತ್ತಾನೆ, ಆವಿ ಹೋಗುತ್ತದೆ. ಇನ್ನೊಬ್ಬ ದೊಡ್ಡ ಸೌಟು ಹಾಕಿ ಇಡೀ ಪಾತ್ರೆ ಕಲಸುತ್ತಾನೆ, ಅನ್ನ ಮುದ್ದೆಯಾಗುತ್ತದೆ. ಬಡಿಸುವ ಕ್ರಮ ಇದು: ಮೊದಲು ಮೇಲಿನ ಅನ್ನದಲ್ಲಿ ಕಾಲು ಭಾಗವನ್ನು ಬೇರೆ ತಪಲೆಗೆ ತೆಗೆದಿಡಿ. ಆಮೇಲೆ ಚಪ್ಪಟೆ ತಟ್ಟೆಯೊಂದನ್ನು ಪಾತ್ರೆಯ ಬದಿಯಿಂದ ತಳದವರೆಗೆ ಇಳಿಸಿ ಎತ್ತಿ, ಆಗ ಮಸಾಲೆ, ಕೋಳಿ, ಅನ್ನ ಮೂರೂ ಒಟ್ಟಿಗೆ ಬರುತ್ತವೆ. ಹೀಗೆ ಮಾಡದಿದ್ದರೆ ಮೊದಲ ನಾಲ್ವರಿಗೆ ಬರೀ ಅನ್ನ, ಕೊನೆಯವನಿಗೆ ಬರೀ ಮಸಾಲೆ. ಸಳ್ಳಾಸಿಗೆ (ಬಿರಿಯಾನಿ ಜೊತೆಯ ಈರುಳ್ಳಿ–ಮೊಸರಿನ ಪಚ್ಚಡಿ) ಈರುಳ್ಳಿ ಹೆಚ್ಚಿ ಇಟ್ಟಿರಿ, ಉಪ್ಪು ಮತ್ತು ಮೊಸರು ಬಡಿಸುವ ಹೊತ್ತಿಗೆ ಸೇರಿಸಿ. ಮೊದಲೇ ಉಪ್ಪು ಬಿದ್ದರೆ ನೀರು ಬಿಟ್ಟು ತಟ್ಟೆಯೆಲ್ಲ ಒದ್ದೆ.

ಉಳಿದ ಬಿರಿಯಾನಿಯನ್ನು ಬೆಳಿಗ್ಗೆವರೆಗೆ ಹೊರಗೆ ಇಡುವುದು ಅಪಾಯ. ಬೆಂದ ಅನ್ನದಲ್ಲಿ ಉಳಿದುಕೊಳ್ಳುವ ಬ್ಯಾಕ್ಟೀರಿಯಾ ಬೀಜಕಗಳು ಕೋಣೆಯ ಸೆಕೆಯಲ್ಲಿ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಊಟ ಮುಗಿದ ಕೂಡಲೇ ಅಗಲ ತಟ್ಟೆಯಲ್ಲಿ ಹರಡಿ ತಣಿಸಿ ಫ್ರಿಡ್ಜಿಗೆ ಹಾಕಿ.

ಬಿರಿಯಾನಿಯ ನಿಜವಾದ ತೊಂದರೆ ಎಂದರೆ ಆಯ್ಕೆ ಇಲ್ಲದಿರುವುದು. ಉಪ್ಪು, ಖಾರ, ನೆಣ ಎಲ್ಲ ಅಡುಗೆಯವರ ಕೈಯಲ್ಲಿ. ಮಸಾಲೆಯಲ್ಲಿ ನೀರಿನಂಶ ಹೆಚ್ಚಾದರೆ ತಳದ ಅನ್ನ ಹಿಟ್ಟಾಗಿ ಬರುತ್ತದೆ, ಆಗ ಮಾಡುವುದಕ್ಕೇನೂ ಇಲ್ಲ. ಹಾಗಾಗಿ ಒಬ್ಬರೇ ಅಡುಗೆಯವರನ್ನು ಹಿಡಿದುಕೊಳ್ಳಿ, ಪ್ರತಿ ಬರ್ತ್‌ಡೇಗೂ ಹೊಸಬರನ್ನು ಹುಡುಕಬೇಡಿ.

ನೀರುದೋಸೆ: ನಾಲ್ಕು ಜನರಿಗೆ ಸರಿ, ಹತ್ತಕ್ಕೆ ಕಷ್ಟ

ಲೆಕ್ಕ ಹಾಕಿ ನೋಡಿ. ಒಬ್ಬರಿಗೆ ಐದು ದೋಸೆ, ಹತ್ತು ಜನರಿಗೆ ಐವತ್ತು. ಒಂದು ಕಿಲೋ ಬೆಳ್ತಿಗೆ ಅಕ್ಕಿ ನಾಲ್ಕು ಗಂಟೆ ನೆನೆಹಾಕಿ ನುಣ್ಣಗೆ ಅರೆದರೆ ಐವತ್ತು ದೋಸೆಗೆ ತೊಂದರೆ ಇಲ್ಲ. ಆದರೆ ಮುಚ್ಚಿ ಬೇಯಿಸಿ, ಮಡಚಿ, ತೆಗೆಯುವುದಕ್ಕೆ ದೋಸೆಯೊಂದಕ್ಕೆ ಒಂದೂವರೆ ನಿಮಿಷ. ಒಂದು ಕಾವಲಿಯಾದರೆ ಗಂಟೆ ಒಂದೂಕಾಲು, ಎರಡು ಕಾವಲಿ ಇಟ್ಟರೂ ನಲವತ್ತು ನಿಮಿಷ. ಅಷ್ಟೂ ಹೊತ್ತು ಮನೆಯ ಅಮ್ಮನೋ ಅಕ್ಕನೋ ಒಲೆಯೆದುರು. ಹುಟ್ಟುಹಬ್ಬದವಳೇ ದೋಸೆ ಹೊಯ್ಯುತ್ತಾ ನಿಂತು, ಹೊರಗೆ ಚಾವಡಿಯಲ್ಲಿ ಬಂದವರು ನಗುವುದನ್ನು ಕೇಳುವಂತಾಗುವುದು ಇದರಲ್ಲೇ.

ಮೊದಲೇ ಹೊಯ್ದು ಇಡಬಹುದಲ್ಲ ಎಂದರೆ ಬಿಸಿಬಿಸಿಯಾಗಿ ಒಂದರ ಮೇಲೊಂದು ಇಟ್ಟ ದೋಸೆ ಅಂಟಿಕೊಳ್ಳುತ್ತದೆ. ಒಂದೊಂದನ್ನೂ ಬಾಳೆ ಎಲೆಯ ಮೇಲೆ ಅರೆ ನಿಮಿಷ ಆರಲು ಬಿಟ್ಟು ಆಮೇಲೆ ಜೋಡಿಸಿದರೆ ಅಂಟುವುದಿಲ್ಲ, ಆದರೆ ಒಂದು ಗಂಟೆ ಕಳೆದರೆ ಮೆದು ಹೋಗಿ ರಬ್ಬರಿನಂತೆ ಎಳೆಯುತ್ತದೆ. ಹೊಸ ಅಕ್ಕಿಯಾದರೆ ಕಾವಲಿಗೂ ಹಿಡಿಯುತ್ತದೆ. ಹಿಟ್ಟು ತಳಕ್ಕೆ ಇಳಿಯುವುದರಿಂದ ಪ್ರತಿ ಸಲವೂ ಸೌಟಿನಲ್ಲಿ ಕದಡಿಯೇ ಹೊಯ್ಯಬೇಕು, ಇಲ್ಲದಿದ್ದರೆ ಮೊದಲ ಇಪ್ಪತ್ತು ತೆಳುವಾಗಿ ಹರಿದು, ಕೊನೆಯ ಹತ್ತು ದಪ್ಪಗಾಗುತ್ತವೆ. ನಾಲ್ಕೈದು ಜನ, ಅಡುಗೆಮನೆಯಲ್ಲೇ ನಿಂತು ಮಾತಾಡುವ ಸಲಿಗೆ ಇದ್ದರೆ ನೀರುದೋಸೆ ಮಾಡಿ. ಅದಕ್ಕಿಂತ ಹೆಚ್ಚಿಗೆ ಬೇಡ.

ಕೋರಿರೊಟ್ಟಿ: ನನ್ನ ಓಟು ಇದಕ್ಕೆ

ಕಾರಣ ಸರಳ. ರೊಟ್ಟಿ ಅಂಗಡಿಯದ್ದು, ಒಲೆಯ ಕೆಲಸವೆಲ್ಲ ಸಾರಿನದ್ದು, ಸಾರು ಮಧ್ಯಾಹ್ನವೇ ಮುಕ್ಕಾಲು ಮುಗಿಯುತ್ತದೆ. ರೊಟ್ಟಿ ಮುರಿದು ತಟ್ಟೆಗೆ ಹಾಕಿ ಸಾರು ಹೊಯ್ದುಕೊಳ್ಳುವುದು ತಿನ್ನುವವರ ಕೆಲಸ. ಎಂಟಕ್ಕೆ ಬಂದವನಿಗೂ ಒಂಬತ್ತೂವರೆಗೆ ಬಂದವನಿಗೂ ಒಂದೇ ಊಟ. ನೀರುದೋಸೆ ಬಿಟ್ಟರೆ ಖರ್ಚಿನಲ್ಲೂ ಇದೇ ಕಡಿಮೆ. ರೇಟು ಇಲ್ಲಿ ಬರೆದು ಪ್ರಯೋಜನ ಇಲ್ಲ, ಕೋಳಿ ಅಂಗಡಿಯ ಬೋರ್ಡು ದಿನಕ್ಕೊಂದು ಹೇಳುತ್ತದೆ.

ಹತ್ತು ಜನರಿಗೆ ರೊಟ್ಟಿ ಒಂದು ಕಿಲೋ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕದ ದಿನಸಿ ಅಂಗಡಿಗಳಲ್ಲಿ ಪ್ಯಾಕೆಟ್ ಸಿಗುತ್ತದೆ. ಚಂದ್ರಗಿರಿ ಹೊಳೆ ದಾಟಿ ತೆಂಕಕ್ಕೆ ಹೋದಷ್ಟೂ ಹುಡುಕಬೇಕಾಗುತ್ತದೆ, ಆ ಕಡೆಯವರು ಮೊದಲೇ ತರಿಸಿಟ್ಟುಕೊಳ್ಳಲಿ. ತೆಳ್ಳಗೆ, ಅಂಚು ಸುಡದೆ, ಬೆಳಕಿಗೆ ಹಿಡಿದರೆ ಒಂದೇ ಬಣ್ಣ ಕಾಣುವ ರೊಟ್ಟಿ ಒಳ್ಳೆಯದು. ದಪ್ಪ ರೊಟ್ಟಿಗೆ ಸಾರು ಇಳಿಯುವುದಿಲ್ಲ.

ಸಾರಿಗೆ ಎಲುಬು ಸಮೇತ ಎರಡೂವರೆ ಕಿಲೋ ಕೋಳಿ, ಮಧ್ಯಮ ಗಾತ್ರದ ತುಂಡು. ಬ್ಯಾಡಗಿ ಮೆಣಸು 30, ಖಾರಕ್ಕೆ ಗುಂಟೂರು 5. ಕೊತ್ತಂಬರಿ 5 ದೊಡ್ಡ ಚಮಚ, ಜೀರಿಗೆ ಒಂದೂವರೆ ದೊಡ್ಡ ಚಮಚ, ಕಾಳುಮೆಣಸು ಎರಡು ಸಣ್ಣ ಚಮಚ, ಮೆಂತೆ ಮುಕ್ಕಾಲು ಸಣ್ಣ ಚಮಚ, ಅರಸಿನ ಒಂದು ಸಣ್ಣ ಚಮಚ, ಬೆಳ್ಳುಳ್ಳಿ 15 ಎಸಳು, ನಿಂಬೆ ಗಾತ್ರದ ಹುಳಿ, ಈರುಳ್ಳಿ 5. ತೆಂಗಿನಕಾಯಿ ಮೂರು: ಒಂದು ಅರೆಯುವುದಕ್ಕೆ, ಎರಡು ಹಾಲಿಗೆ.

ಮೆಣಸನ್ನು ಕೊಬ್ಬರಿ ಎಣ್ಣೆಯ ಎರಡು ಹನಿಯಲ್ಲಿ ಸಣ್ಣ ಉರಿಯಲ್ಲಿ ಗರಿಯಾಗುವವರೆಗೆ ಹುರಿದು ತೆಗೆಯಿರಿ. ಕೊತ್ತಂಬರಿ, ಕಾಳುಮೆಣಸು, ಕೊನೆಗೆ ಜೀರಿಗೆ ಹಾಕಿ ಪರಿಮಳ ಬಂದ ಕೂಡಲೇ ಇಳಿಸಿ. ಮೆಂತೆಯನ್ನು ಬೇರೆಯಾಗಿಯೇ ಹುರಿಯಬೇಕು. ಅದು ಹೊಂಬಣ್ಣಕ್ಕೆ ಬಂದರೆ ಸಾಕು, ಕೆಂಪಾದರೆ ಇಡೀ ಪಾತ್ರೆ ಕಹಿ. ಬೆಲ್ಲ ಹಾಕಿದರೂ ಆ ಕಹಿ ಮುಚ್ಚುವುದಿಲ್ಲ. ಒಂದು ಕಾಯಿಯ ತುರಿಯನ್ನು ಎರಡು ಈರುಳ್ಳಿ, ಬೆಳ್ಳುಳ್ಳಿ ಜೊತೆ ತುಸು ಬಾಡಿಸಿ, ಎಲ್ಲ ಸೇರಿಸಿ ಅರಸಿನ, ಹುಳಿ ಹಾಕಿ ಗಂಧದಷ್ಟು ನುಣ್ಣಗೆ ಅರೆಯಿರಿ. ತರಿ ಉಳಿದರೆ ಸಾರು ತಟ್ಟೆಯಲ್ಲಿ ನೀರು ಬೇರೆ, ಮಸಾಲೆ ಬೇರೆಯಾಗಿ ನಿಲ್ಲುತ್ತದೆ. ಉಳಿದೆರಡು ಕಾಯಿಯಿಂದ ಎರಡೂವರೆ ಲೋಟ ದಪ್ಪ ಹಾಲು, ಐದು ಲೋಟ ನೀರು ಹಾಲು ತೆಗೆದು ಬೇರೆ ಬೇರೆ ಇಡಿ.

ಎರಡು ಈರುಳ್ಳಿ ಹುರಿದು, ಕೋಳಿ, ಉಪ್ಪು ಹಾಕಿ ಹತ್ತು ನಿಮಿಷ ಅದರ ನೀರಲ್ಲೇ ಬೇಯಲಿ. ಅರೆದ ಮಸಾಲೆ, ನೀರು ಹಾಲು, ಇನ್ನೂ ನಾಲ್ಕೈದು ಲೋಟ ನೀರು ಹಾಕಿ ಕುದಿಸಿ. ಬ್ರಾಯ್ಲರ್ ಆದರೆ ಇನ್ನು ಇಪ್ಪತ್ತು ನಿಮಿಷ, ಊರ ಕೋಳಿಗೆ ಗಂಟೆಯ ಮೇಲೆ. ಇಲ್ಲಿಗೆ ನಿಲ್ಲಿಸಿ, ತಣಿಸಿ, ಫ್ರಿಡ್ಜಿನಲ್ಲಿಡಿ. ಮಧ್ಯಾಹ್ನದಿಂದ ರಾತ್ರಿಯವರೆಗೆ ಒಲೆಯ ಮೇಲೆಯೇ ಬಿಟ್ಟರೆ ಏಪ್ರಿಲ್ ಸೆಕೆಗೆ ಕಾಯಿಹಾಲಿನ ಸಾರು ಹುಳಿಯುತ್ತದೆ. ಜನ ಬರತೊಡಗಿದ ಮೇಲೆ ಮತ್ತೆ ಕುದಿಸಿ, ಉರಿ ತಗ್ಗಿಸಿ ದಪ್ಪ ಹಾಲು ಹಾಕಿ, ಅಂಚಿನಲ್ಲಿ ಗುಳ್ಳೆ ಕಂಡ ಕೂಡಲೇ ಆರಿಸಿ. ಜೋರಾಗಿ ಕುದಿದರೆ ಹಾಲು ಒಡೆದು ಎಣ್ಣೆ ತೇಲುತ್ತದೆ. ಕೊನೆಯ ಒಂದು ಈರುಳ್ಳಿಯನ್ನು ತುಪ್ಪದಲ್ಲಿ ಕೆಂಪಗೆ ಹುರಿದು ಒಗ್ಗರಣೆ.

ಸಾರು ಎಷ್ಟು ತೆಳ್ಳಗಿರಬೇಕು ಎನ್ನುವಲ್ಲಿಯೇ ಹೆಚ್ಚಿನವರು ತಪ್ಪುವುದು. ಅನ್ನಕ್ಕೆ ಕಲಸುವ ಹದಕ್ಕಿಂತ ತೆಳ್ಳಗಿರಲಿ, ರೊಟ್ಟಿ ಕುಡಿಯುತ್ತದೆ. ಒಬ್ಬರಿಗೆ ಮೂರೂವರೆ ನೂರು ಮಿಲಿ ಲೆಕ್ಕದಲ್ಲಿ ಹತ್ತು ಜನರಿಗೆ ಮೂರೂವರೆ ಲೀಟರ್ ಸಾರು ಬೇಕು. ಕೋಳಿ ಉಳಿದು ಸಾರು ಮುಗಿಯುವುದು ಇದರ ಸಾಮಾನ್ಯ ಗತಿ. ರೊಟ್ಟಿ ತಿಂದು ಅಭ್ಯಾಸವಿಲ್ಲದವರು ಇದ್ದರೆ ಅರ್ಧ ಮಾತ್ರ ಮುರಿದು ಸಾರು ಹೊಯ್ಯಲು ಹೇಳಿ. ಇಡೀ ತಟ್ಟೆ ಒಮ್ಮೆಲೇ ನೆನೆಸಿದರೆ ಮೂರನೇ ತುತ್ತಿಗೆ ಗಂಜಿ. ಮಳೆಗಾಲದಲ್ಲಿ ಪ್ಯಾಕೆಟ್ ಒಡೆದ ಅರ್ಧ ಗಂಟೆಗೆ ರೊಟ್ಟಿ ಮೆತ್ತಗಾಗುತ್ತದೆ. ಒಂದೊಂದೇ ಪ್ಯಾಕೆಟ್ ತೆರೆಯಿರಿ. ಮೆತ್ತಗಾದದ್ದನ್ನು ಬಿಸಿ ಕಾವಲಿಯಲ್ಲಿ ಎಣ್ಣೆ ಹಾಕದೆ ಒಂದು ನಿಮಿಷ ಇಟ್ಟರೆ ಮತ್ತೆ ಗರಿಗರಿ.

ಕೋಳಿ ತಿನ್ನದವರು ಇದ್ದರೆ

ಮಂದಿ ಹೋಟೆಲಿನಲ್ಲಿ ಅವರಿಗೆ ಸಿಗುವುದು ಪೊರೋಟ, ಗೋಬಿ, ಸಮಾಧಾನ. ಬಿರಿಯಾನಿಯ ಮನೆಯಲ್ಲಿ ವೆಜ್ ಬೇರೆ ಮಾಡಿ ಕೊಟ್ಟರೂ ಎರಡು ಜನರಿಗೆಂದು ಯಾರೂ ಮನಸ್ಸಿಟ್ಟು ಮಾಡುವುದಿಲ್ಲ. ಇಲ್ಲಿಯೂ ಕೋರಿರೊಟ್ಟಿಯ ದಿನವೇ ಸುಲಭ, ರೊಟ್ಟಿ ಎಲ್ಲರಿಗೂ ಒಂದೇ. ಮೂರು ನಾಲ್ಕು ಜನರಿಗೆ ಮುನ್ನೂರು ಗ್ರಾಂ ಕಪ್ಪು ಕಡಲೆ ರಾತ್ರಿಯೇ ನೆನೆಹಾಕಿ, ಸುವರ್ಣಗೆಡ್ಡೆ ತುಂಡಿನ ಜೊತೆ ಬೇಯಿಸಿ, ಕೋಳಿಗೆ ಸೇರಿಸುವ ಮೊದಲೇ ಅದೇ ಮಸಾಲೆಯಲ್ಲಿ ಒಂದು ಪಾಲು ತೆಗೆದು ಹಾಕಿದರೆ ಕಡಲೆ ಗಸಿ (ದಪ್ಪ ಸಾರು) ತಯಾರು. ಈರುಳ್ಳಿ ಬೆಳ್ಳುಳ್ಳಿ ತಿನ್ನದವರಾದರೆ ಅವೆರಡನ್ನು ಸೇರಿಸುವ ಮೊದಲೇ ಆ ಪಾಲು ಅರೆದಿಡಿ. ಪಾತ್ರೆ, ಸೌಟು ಬೇರೆ ಇರಲಿ, ಮೇಜಿನ ಇನ್ನೊಂದು ತುದಿಯಲ್ಲಿರಲಿ. ಮಾಂಸ ಮಾಡಿದ ಮನೆಯಲ್ಲೇ ಊಟ ಮಾಡದ ಗೆಳೆಯರಿದ್ದರೆ ಈ ನಾಲ್ಕನ್ನೂ ಬಿಟ್ಟು ಮಧ್ಯಾಹ್ನ ಬಾಳೆ ಎಲೆಯ ಊಟ, ಕಡ್ಲೆಬೇಳೆ ಪಾಯಸ. ಕಾಲು ಕಿಲೋ ಬೇಳೆ, ನಾನೂರು ಗ್ರಾಂ ಬೆಲ್ಲ, ಎರಡು ಕಾಯಿಯ ಹಾಲು ಹತ್ತು ಜನರಿಗೆ ಧಾರಾಳ. ಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ ಹಾಕಿ, ಮೊದಲೇ ಹಾಕಿದರೆ ಬೇಳೆ ಮತ್ತೆ ಬೇಯದು.

ಕೇಕು, ದಿನ, ಬಸ್ಸು

ಕೇಕು ಒಂದು ಕಿಲೋ ಸಾಕು, ಅದೂ ಊಟದ ನಂತರ ಕತ್ತರಿಸುವುದಾದರೆ ಉಳಿಯುತ್ತದೆ. ಊಟಕ್ಕೆ ಮೊದಲು ಕತ್ತರಿಸಿದರೆ ಎರಡೆರಡು ತುಂಡು ತಿಂದವರು ರೊಟ್ಟಿಗೆ ಕೂರುವಾಗ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಾರೆ. ಕ್ರೀಮ್ ಕೇಕನ್ನು ಬೈಕಿನ ಹಿಂದೆ ಕೂತವನ ಮಡಿಲಲ್ಲಿ ತರುವುದಕ್ಕಿಂತ ಸ್ಕೂಟರಿನ ಕಾಲಿಡುವ ಜಾಗದಲ್ಲಿ ಸಮತಟ್ಟಾಗಿ ಇಟ್ಟು ತನ್ನಿ. ಹಾಲಿನ ಕ್ರೀಮ್ ನಮ್ಮ ಸೆಕೆಗೆ ಇಪ್ಪತ್ತು ನಿಮಿಷದಲ್ಲಿ ಜಾರತೊಡಗುತ್ತದೆ, ಬೇಕರಿಯ ಮಾಮೂಲಿ ವಿಪ್ಪಿಂಗ್ ಕ್ರೀಮ್ ಇನ್ನೂ ಸ್ವಲ್ಪ ತಡೆಯುತ್ತದೆ. ಮೊಟ್ಟೆ ಇಲ್ಲದ್ದು ಬೇಕಾದರೆ ಆರ್ಡರ್ ಕೊಡುವಾಗಲೇ ಹೇಳಿ, ಕೊನೆಗಳಿಗೆಯಲ್ಲಿ ಶೋಕೇಸಿನಲ್ಲಿ ಸಿಗುವುದು ಕಡಿಮೆ.

ದಿನ ಗೊತ್ತು ಮಾಡುವಾಗ ಕ್ಯಾಲೆಂಡರ್ ನೋಡಿ. ಸೋಮವಾರ, ಸಂಕ್ರಮಣ ಎಂದು ಕೋಳಿ ಮುಟ್ಟದವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ರಂಜಾನ್ ತಿಂಗಳಲ್ಲಿ ಹೆಚ್ಚಿನ ಕುಝಿಮಂದಿ ಹೋಟೆಲುಗಳು ಹಗಲು ಮುಚ್ಚಿರುತ್ತವೆ, ಉಪವಾಸ ಬಿಟ್ಟ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಉಪವಾಸ ಇರುವ ಗೆಳೆಯರನ್ನು ಕರೆದರೆ ಊಟದ ಹೊತ್ತನ್ನು ಅವರಿಗೆ ಹೊಂದಿಸಿಕೊಳ್ಳಿ. ಮನೆಯಲ್ಲಿ ಮಾಡುವುದಾದರೆ ಕೋಳಿಯನ್ನು ಹಲಾಲ್ ಅಂಗಡಿಯಿಂದಲೇ ತಂದರೆ ಆ ಪ್ರಶ್ನೆಯೇ ಏಳುವುದಿಲ್ಲ. ಹರತಾಳ ಬಿದ್ದರೆ ಹೋಟೆಲ್, ಕೋಳಿ ಅಂಗಡಿ ಎರಡೂ ಬಂದ್. ಹಿಂದಿನ ರಾತ್ರಿ ಸುದ್ದಿ ಬಂದರೆ ಆಗಲೇ ಕೋಳಿ ತಂದು ಫ್ರೀಜರಿನಲ್ಲಿಟ್ಟವರಿಗೆ ಮಾತ್ರ ಊಟ.

ಪೆರ್ಲ, ಮುಳ್ಳೇರಿಯಾ ಕಡೆಯ ಕೊನೆಯ ಬಸ್ಸು ಪೇಟೆಯವರು ಅಂದುಕೊಂಡದ್ದಕ್ಕಿಂತ ಬೇಗ ಹೊರಡುತ್ತದೆ. ಬಸ್ಸಿಗೆ ಹೋಗುವವರಿಗೆ ಏಳೂವರೆಗೇ ಮೊದಲ ಪಂಕ್ತಿ ಹಾಕಿ, ಕೇಕಿನ ತುಂಡನ್ನು ಡಬ್ಬಿಯಲ್ಲಿ ಕಟ್ಟಿ ಕೊಡಿ, ಬೈಕಿನವರು ಆಮೇಲೆ ಕೂರಲಿ.